ಯಾವ ಬಾಗಿಲು ಎಂದು ಬರೆಸಬೇಕು: ಕಾಸರಗೋಡಿನಿಂದ ಒಂದು ಉತ್ತರ

ನಗರಸಭೆಯ ಕೆಲಸ ಮಾಡುವಾಗ ಕೈಕಾಲಿಗೆ ಪೆಟ್ಟಾಗಿ ಊನವಾದರೆ ನಿಮ್ಮ ಕಡೆ ಪಿಂಚಣಿ ಸಿಗುತ್ತದಾ ಎಂದು ಕೇಳಿದ್ದೀರಿ. ಸಿಗುತ್ತದೆ, ಆದರೆ ಎಲ್ಲರಿಗೂ ಅಲ್ಲ, ಮತ್ತು ನೀವು ಅಂದುಕೊಂಡ ಹಾಗೆ ಅಲ್ಲ. ನಾನು ಇಲ್ಲಿ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಈಗ ಕೆಲಸದಿಂದ ಬಿಡುಗಡೆಯಾಗಿದೆ. ಊರಿನವರಿಗೆ ಅರ್ಜಿ ಬರೆದುಕೊಡುತ್ತೇನೆ. ಹಾಗಾಗಿ ಈ ವಿಷಯ ಹತ್ತಿರದಿಂದ ಗೊತ್ತು.

ಮೊದಲು ನಮ್ಮ ಜಾಗದ ಬಗ್ಗೆ ಎರಡು ಮಾತು. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಆಮೇಲೆ ಕೇರಳ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಮನೆಯಲ್ಲಿ ತುಳುವೋ ಕನ್ನಡವೋ, ಪೇಟೆಯಲ್ಲಿ ಮಲಯಾಳ, ಜೋರು ಕಾಯಿಲೆ ಬಂದರೆ ಮಂಗಳೂರು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಮ್ಮದೇ ರಾಜ್ಯದ ದೊಡ್ಡ ಆಸ್ಪತ್ರೆಗಳು ಅದಕ್ಕಿಂತ ದೂರ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡರು. ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಗಾಯಕ್ಕೆ ಮದ್ದು ಒಂದು ರಾಜ್ಯದಲ್ಲಿ, ಕಾಗದಪತ್ರ ಇನ್ನೊಂದು ರಾಜ್ಯದಲ್ಲಿ. ಪರಿಹಾರದ ಹಣ ತಪ್ಪಿಹೋಗುವುದು ಈ ಎರಡರ ನಡುವೆಯೇ.

ನನ್ನ ಮನೆಯ ಹತ್ತಿರದ ಒಬ್ಬ ಅಣ್ಣನ ಕಥೆ ಹೇಳುತ್ತೇನೆ. ಗುತ್ತಿಗೆದಾರನ ಕೆಳಗೆ ಒಂದು ನಗರಸಭೆಯ ಕಸದ ಗಾಡಿಯಲ್ಲಿ ಕೆಲಸ. ದಿನಕ್ಕೆ 600 ರೂಪಾಯಿ, ತಿಂಗಳಿಗೆ 25 ದಿನ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರಲಿಲ್ಲ. 2021ರ ಒಂದು ಮಳೆಗಾಲದ ಬೆಳಿಗ್ಗೆ ಕಸ ಸುರಿದು ಮುಗಿಸಿ ಗಾಡಿಯ ಹಿಂಬಾಗಿಲು ಹಾಕುವಾಗ ಬಲಗೈ ಸಿಕ್ಕಿಕೊಂಡಿತು. ಮೂರು ಬೆರಳು ಜಜ್ಜಿಹೋದವು. ಜೊತೆಗಿದ್ದವರು ಸಿಕ್ಕಿದ ಆಟೋ ಹತ್ತಿಸಿ, ಅಲ್ಲಿಂದ ಕಾರು ಮಾಡಿ ಮಂಗಳೂರಿಗೆ ಒಯ್ದರು. ತುರ್ತು ವಿಭಾಗದಲ್ಲಿ ಏನಾಯಿತು ಎಂದು ಕೇಳಿದಾಗ, ಜೊತೆಗಿದ್ದ ಹುಡುಗ ಗಾಬರಿಯಲ್ಲಿ 'ಬಾಗಿಲಿಗೆ ಕೈ ಸಿಕ್ಕಿತು' ಎಂದ. ಅಲ್ಲಿದ್ದವರು ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡರು. ಬಾಗಿಲು, ಅಷ್ಟೇ. ಯಾವ ಬಾಗಿಲು, ಎಲ್ಲಿ, ಯಾರ ಕೆಲಸದಲ್ಲಿ ಎಂಬ ಒಂದು ಅಕ್ಷರವೂ ಇಲ್ಲ. ಬೆರಳು ಉಳಿಯಲಿಲ್ಲ. ಮೂರನ್ನೂ ತೆಗೆದರು.

ಹತ್ತು ದಿನ ಕಳೆದ ಮೇಲೆ ಗುತ್ತಿಗೆದಾರ ಮನೆಗೆ ಬಂದ. 25,000 ರೂಪಾಯಿ ಕೈಗಿಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಕಾಗದ ಮಲಯಾಳದಲ್ಲಿತ್ತು. ಅಣ್ಣ ಓದಿದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇ ಕ್ಲಾಸು. ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬಾರದು. ಬಲಗೈಗೆ ಕಟ್ಟು ಇದ್ದುದರಿಂದ ಎಡಗೈ ಹೆಬ್ಬೆಟ್ಟು ಒತ್ತಿದರು. ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂದು ಅದರಲ್ಲಿತ್ತು.

ಈಗ ಕಾನೂನು ಏನು ಹೇಳುತ್ತದೆ ನೋಡಿ. ಇಎಸ್‌ಐ ಇಲ್ಲದ ಕೆಲಸಗಾರರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಣ್ಣನದು ಹಳೆಯ ಕಾಯ್ದೆಯ ಕಾಲದ್ದು. ಆ ಕಾಯ್ದೆಯಲ್ಲಿ ತಿಂಗಳ ಪಿಂಚಣಿ ಇರಲಿಲ್ಲ. ಒಂದೇ ಗಂಟಿನ ಹಣ. ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ಪಟ್ಟಿಯೇ ಇತ್ತು. ಹೆಬ್ಬೆರಳು ಹೋದರೆ ನೂರಕ್ಕೆ 30. ಒಂದೇ ಕೈಯ ಮೂರು ಬೆರಳಿಗೂ 30. ನಾಲ್ಕು ಬೆರಳಿಗೆ 50. ಎರಡೂ ಕೈ ಹೋದರೆ 100. ಪೂರ್ತಿ ಊನಕ್ಕೆ ತಿಂಗಳ ಕೂಲಿಯಲ್ಲಿ ನೂರಕ್ಕೆ 60ನ್ನು ತೆಗೆದುಕೊಂಡು, ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 45 ವರ್ಷಕ್ಕೆ ಆ ಅಂಕಿ 169.44. ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ ಮಾತ್ರ. ಅದೂ 2020ರ ಜನವರಿಯಿಂದ. ಅದಕ್ಕೆ ಮುಂಚೆ 8,000 ಇತ್ತು.

ಅಣ್ಣನಿಗೆ ಆಗ ಸರಿಯಾಗಿ 45. ಕೂಲಿ 15,000. ನೂರಕ್ಕೆ 60 ಅಂದರೆ 9,000. ಅದನ್ನು 169.44ರಿಂದ ಗುಣಿಸಿದರೆ 15,24,960. ಅದರಲ್ಲಿ ನೂರಕ್ಕೆ 30 ಅಂದರೆ 4,57,488 ರೂಪಾಯಿ. ಈ ಲೆಕ್ಕವನ್ನು ಅವರ ಮನೆಯ ಜಗಲಿಯಲ್ಲಿ ಕೂತು ಮಾಡಿದೆ. ಅಕ್ಕ, ಅಂದರೆ ಅವರ ಹೆಂಡತಿ, ಕಾಗದವನ್ನು ಮತ್ತೆ ಮತ್ತೆ ನೋಡಿದರು. 'ಅವರು ಇಪ್ಪತ್ತೈದು ಸಾವಿರ ಕೊಟ್ಟಾಗ ನಾನು ಕಾಫಿ ಮಾಡಿ ಕೊಟ್ಟೆ ಮಾಸ್ಟ್ರೇ' ಎಂದರು. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ.

ಆದರೆ ಎರಡು ವಿಷಯ ಅವರ ಪರವಾಗಿ ಇದ್ದವು. ಒಂದು, ಪರಿಹಾರದ ಹಕ್ಕನ್ನೇ ಬಿಟ್ಟುಕೊಡುತ್ತೇನೆ ಎಂದು ಕೆಲಸಗಾರ ಬರೆದುಕೊಟ್ಟರೂ ಆ ಕರಾರು ನಡೆಯುವುದಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತಿತ್ತು. ಎರಡು, ಗುತ್ತಿಗೆದಾರನ ಆಳು ಎಂದು ನಗರಸಭೆ ಕೈ ತೊಳೆದುಕೊಳ್ಳುವ ಹಾಗಿಲ್ಲ. ಕೆಲಸ ಯಾರದೋ ಅವರಿಂದಲೇ ಪರಿಹಾರ ಕೇಳಬಹುದು. ಅವರು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಇದು ನಮ್ಮ ಕಡೆಯ ಹೆಚ್ಚಿನ ಕೆಲಸಗಾರರಿಗೆ ಗೊತ್ತೇ ಇಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದೂ ಗೊತ್ತಿಲ್ಲ.

ಅರ್ಜಿ ಹಾಕಿದ ಮೇಲೆ ಎದುರು ಪಕ್ಷದವರ ವಾದವೆಲ್ಲ ಆ ಒಂದು ಪದದ ಮೇಲೆ ನಿಂತಿತು. ಆಸ್ಪತ್ರೆಯ ಕಾಗದದಲ್ಲಿ ಬಾಗಿಲು ಎಂದಿದೆ, ಮನೆಯ ಬಾಗಿಲಿಗೆ ಕೈ ಸಿಕ್ಕಿರಬೇಕು ಎಂದರು. ಆ ದಿನದ ಹಾಜರಿ ಪುಸ್ತಕ ಸಿಗಲಿಲ್ಲ. ಆಸ್ಪತ್ರೆಯಿಂದ ಪೊಲೀಸರಿಗೆ ಹೋಗಬೇಕಾದ ಸೂಚನೆ ಹೋಗಿತ್ತು, ಆದರೆ ಕರ್ನಾಟಕದ ಠಾಣೆಗೆ. ಅಪಘಾತ ನಡೆದದ್ದು ಕೇರಳದಲ್ಲಿ. ಎರಡೂ ಕಡೆಯ ಪೊಲೀಸರು ಇದು ನಮ್ಮದಲ್ಲ ಎಂದರು. ಹೆಸರಿನದು ಬೇರೆ ತಕರಾರು. ಶಾಲೆಯ ಕನ್ನಡ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಮನೆತನದ ಅಕ್ಷರ ಕೊನೆಗೆ ಸೇರಿ ಇನ್ನೊಂದು, ಮಂಗಳೂರಿನ ಬಿಲ್ಲಿನಲ್ಲಿ ಅಲ್ಲಿಯವರು ಕೇಳಿಸಿಕೊಂಡ ಹಾಗೆ ಮೂರನೆಯದು. ಕೊನೆಗೆ ಕೈ ಹಿಡಿದದ್ದು ಆಟೋದವನ ಸಾಕ್ಷಿ. ಜೊತೆಗೆ ಒಂದು ಫೋಟೋ. ಆ ಬೆಳಿಗ್ಗೆ ಇನ್ನೊಬ್ಬ ಕೆಲಸಗಾರ ರಕ್ತವಾಗಿದ್ದ ಗಾಡಿಯ ಬಾಗಿಲನ್ನು ಮೊಬೈಲಿನಲ್ಲಿ ಹಿಡಿದಿದ್ದ. 2024ರಲ್ಲಿ ತೀರ್ಪು ಬಂತು. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಸೇರಿ ಹಣ ಸಿಕ್ಕಿತು. ಆಸ್ಪತ್ರೆಯ ಖರ್ಚನ್ನೂ ಆ ಕಾಯ್ದೆಯ ಪ್ರಕಾರ ಕೊಡಲೇಬೇಕಿತ್ತು. ಬಿಲ್ಲು ಉಳಿದಷ್ಟಕ್ಕೆ ಅದೂ ಬಂತು.

ಹಾಗಾದರೆ ಪಿಂಚಣಿ? ಅವರಿಗೆ ಸಿಗಲಿಲ್ಲ. ಕೇರಳದಲ್ಲಿ ಅಂಗವಿಕಲರ ಕ್ಷೇಮ ಪಿಂಚಣಿ ಉಂಟು. ಬಹಳ ಕಾಲ ತಿಂಗಳಿಗೆ 1,600 ಇತ್ತು, 2025ರ ನವೆಂಬರ್‌ನಿಂದ 2,000. ಆದರೆ ಅದಕ್ಕೆ ಊನ ನೂರಕ್ಕೆ 40ಕ್ಕಿಂತ ಕಡಿಮೆ ಇರಬಾರದು. ಮೆಡಿಕಲ್ ಬೋರ್ಡು ಅಣ್ಣನಿಗೆ ಕೊಟ್ಟದ್ದು ಅದಕ್ಕಿಂತ ಕಡಿಮೆ. ಬಲಗೈಯಲ್ಲಿ ಉಳಿದದ್ದು ಎರಡು ಬೆರಳು. ಪೊರಕೆ ಹಿಡಿಯಲಾಗುವುದಿಲ್ಲ, ಬುಟ್ಟಿ ಎತ್ತಲಾಗುವುದಿಲ್ಲ. ಕೈಯಿಂದ ದುಡಿಯುವವನಿಗೆ ಇದು ಪೂರಾ ಊನವೇ ಎಂದು ನನಗೆ ಅನಿಸುತ್ತದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೂ ಇವರಿಗೂ ಒಂದೇ ಅಳತೆಗೋಲು ಇಡುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ನಿಜವಾದ ಪಿಂಚಣಿ ಅಂತ ಇದ್ದರೆ ಅದು ಇಎಸ್‌ಐಯಲ್ಲಿ. ತಿಂಗಳ ಕೂಲಿ 21,000 ಮೀರದವರಿಗೆ ಅದು ಅನ್ವಯ. ಕೆಲಸಗಾರನಿಂದ ನೂರಕ್ಕೆ 0.75, ಮಾಲೀಕನಿಂದ 3.25 ಕಟ್ಟುತ್ತಾರೆ. ಕೆಲಸದಲ್ಲಿ ಪೆಟ್ಟಾಗಿ ಮಲಗಿದ್ದಷ್ಟು ದಿನ ಕೂಲಿಯ ನೂರಕ್ಕೆ 90 ಸಿಗುತ್ತದೆ. ಊನ ಶಾಶ್ವತವಾದರೆ ಅದರ ಪ್ರಮಾಣಕ್ಕೆ ತಕ್ಕ ಹಾಗೆ ತಿಂಗಳು ತಿಂಗಳು, ಸಾಯುವವರೆಗೂ. ಇಲ್ಲಿ 40ರ ಗೆರೆ ಇಲ್ಲ. ಹಾಗಾಗಿ ಗುತ್ತಿಗೆಗೆ ಸೇರುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಇಷ್ಟೇ: ಇಎಸ್‌ಐ ನಂಬರು ಕೇಳಿ ಪಡೆಯಿರಿ. ಸಂಬಳದಲ್ಲಿ ಹಿಡಿದರೆ ಸಾಲದು, ನಂಬರು ನಿಮ್ಮ ಹತ್ತಿರ ಇರಬೇಕು.

ಖಾಯಂ ನೌಕರರ ಪಾಡು ಎಷ್ಟೋ ವಾಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಸೇವೆಯಲ್ಲಿರುವಾಗ ಊನವಾದರೆ ಸರ್ಕಾರಿ ಸಂಸ್ಥೆ ಅವರನ್ನು ತೆಗೆದುಹಾಕುವಂತಿಲ್ಲ, ಕೆಳಗಿನ ಹುದ್ದೆಗೂ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಇನ್ನು ಚರಂಡಿ, ಒಳಚರಂಡಿ ಗುಂಡಿಗೆ ಇಳಿಯುವವರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದ್ದು: ಸತ್ತರೆ 30 ಲಕ್ಷ, ಶಾಶ್ವತ ಊನಕ್ಕೆ 20 ಲಕ್ಷ, ಬೇರೆ ಊನಗಳಿಗೂ 10 ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರ. ಬೆಳಿಗ್ಗೆ ಕತ್ತಲೆಯಲ್ಲೇ ಮನೆ ಬಿಡುವವರಿಗೆ ಇನ್ನೊಂದು ತೀರ್ಪು ಮುಖ್ಯ. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ ಬೆಳಗಿನ ಜಾವದ ಪಾಳಿಗೆ ಹೋಗುವ ದಾರಿಯಲ್ಲಿ ತೀರಿಕೊಂಡ ಪ್ರಕರಣದಲ್ಲಿ, ದಾರಿಯ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟದ್ದಾಗಬಹುದು ಎಂದು 2025ರ ಜುಲೈಯಲ್ಲಿ ಅದೇ ಕೋರ್ಟ್ ಹೇಳಿತು.

ನನಗೆ ಜಾಸ್ತಿ ಚಿಂತೆ ಹರಿತ ಕರ್ಮ ಸೇನೆಯ ಹೆಂಗಸರದ್ದು. ಹಸಿರು ಸಮವಸ್ತ್ರದಲ್ಲಿ ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವವರು. ಪಂಚಾಯತಿನ ಮನೆಗಳಿಂದ ತಿಂಗಳಿಗೆ 50 ರೂಪಾಯಿ ಪಡೆದು ಅದರಲ್ಲೇ ಅವರ ಆದಾಯ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿ ಇಲ್ಲ. ಒಂದು ಗುಡ್ಡದ ತುದಿಯಲ್ಲಿ, ಇನ್ನೊಂದು ತೋಟದ ತಗ್ಗಿನಲ್ಲಿ. ಮಳೆಗಾಲದಲ್ಲಿ ಪಾಚಿ ಹಿಡಿದ ಮೆಟ್ಟಿಲಲ್ಲಿ ಗೋಣಿ ಹೊತ್ತು ಇಳಿಯುತ್ತಾರೆ. ಒಡೆದ ಗಾಜು, ನಾಯಿ, ಹಾವು ಎಲ್ಲವೂ ಉಂಟು. ಆದರೆ ಕಾಗದದಲ್ಲಿ ಅವರು ಯಾರ ನೌಕರರೂ ಅಲ್ಲ, ಸ್ವಂತ ಉದ್ಯೋಗದ ಗುಂಪು. ಬಿದ್ದು ಸೊಂಟ ಮುರಿದರೆ ಮಾಲೀಕ ಯಾರು ಎಂಬ ಪ್ರಶ್ನೆಗೇ ಉತ್ತರ ಸುಲಭವಿಲ್ಲ. ಊರಿನ ಕಸ ಎತ್ತುವುದು ಊರಿನ ಕೆಲಸ ಅಲ್ವಾ? ಅವರನ್ನೂ ಇಎಸ್‌ಐ ಒಳಗೆ ತರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಊನದ ಕಾಗದ ಅಂದರೆ ಏನು ಎಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಮೇಲೆ ಇಲ್ಲಿನ ಎಷ್ಟು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಮೆಡಿಕಲ್ ಕ್ಯಾಂಪಿನ ಸಾಲಿನಲ್ಲಿ ನಿಂತಿದ್ದಾರೆ! 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಎಂದ ಮೇಲೂ ಹಲವರು ವರ್ಷಗಟ್ಟಲೆ ಕಾದರು. ಪಟ್ಟಿಯಲ್ಲಿ ಹೆಸರು ಬರುವುದೇ ಒಂದು ಹೋರಾಟ ಎಂದು ಆಗಲೇ ಕಲಿತೆವು.

ಭಾಷೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನೀವು ಅದನ್ನು ಕೇಳೇ ಕೇಳುತ್ತೀರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿಯೂ ದೂರನ್ನು ನಮ್ಮ ಭಾಷೆಯಲ್ಲಿ ಕೊಡಲು ಬಿಡುತ್ತದೆ. ನಾನು ಅರ್ಜಿಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಗಡಿಬಿಡಿ ಇದ್ದರೆ ಮಲಯಾಳದ ಪ್ರತಿಯನ್ನೂ ಲಗತ್ತಿಸುತ್ತೇನೆ. ಹಠಕ್ಕಿಂತ ಬೇಗ ಕೆಲಸ ಆಗುವುದು ಗಾಯಗೊಂಡವರಿಗೆ ಮುಖ್ಯ. ಆದರೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಮಾತ್ರ ಹಠ ಹಿಡಿದು ಹೇಳುತ್ತೇನೆ.

ಅಣ್ಣ ಆ ಹಣದಲ್ಲಿ ಸಾಲ ತೀರಿಸಿ, ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟಿದ್ದಾರೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳೇ ಒಂದು ಚೀಟಿ ತಯಾರಿಸಿದ್ದಾಳೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ. ಈಗ ಇಲ್ಲಿನ ಕಸದ ಗಾಡಿಗಳಲ್ಲಿ ಡ್ರೈವರನ ಸೀಟಿನ ಹಿಂದೆ ಅದರ ಒಂದೊಂದು ಪ್ರತಿ ಸಿಕ್ಕಿಸಿಟ್ಟಿದ್ದಾರೆ. ಯಾರಿಗಾದರೂ ಪೆಟ್ಟಾದರೆ ತುಂಬಿಸಿ ಆಸ್ಪತ್ರೆಯ ಮೇಜಿನ ಮೇಲೆ ಇಡಬೇಕು. ಹೆಸರು ಆಧಾರಿನಲ್ಲಿ ಇರುವ ಹಾಗೆ. ಗಂಟೆ. ಜಾಗ. ಯಾರ ಕೆಲಸ. ಗಾಡಿಯ ನಂಬರು. ಯಾವುದಕ್ಕೆ ಸಿಕ್ಕಿ ಪೆಟ್ಟಾಯಿತು ಎಂಬಲ್ಲಿ ಅವಳು ದೊಡ್ಡ ಜಾಗ ಬಿಟ್ಟಿದ್ದಾಳೆ.