ಟೈರ್ ಸುಟ್ಟರೆ ಕಲಮು ಸುಡುವುದಿಲ್ಲ

ಪತ್ರ: ನಮ್ಮ ಮುದಿ ಎತ್ತಿಗೆ ಸಂತ್ಯಾಗ ಕೇಳವರಿಲ್ಲ, ಕಟ್ಟಿ ಸಾಕಾಕ ಮೇವಿಲ್ಲ. ತಹಸೀಲ ಕಚೇರಿ ಮುಂದ ಧರಣಿ ಕುಂತ್ವಿ, ಟೈರ್ ಸುಟ್ವಿ. ಗೋಹತ್ಯೆ ಕಾಯ್ದೆ ಇದ್ದಲ್ಲೇ ಐತಿ. ಇನ್ನೇನ್ ಮಾಡಬೇಕ್ರಿ?
(ಓದುಗರೊಬ್ಬರು, ಆಳಂದ ತಾಲೂಕು)

ಯಜಮಾನ್ರೆ, ನಿಮ್ಮ ಪತ್ರ ಎರಡು ದಿನ ನನ್ನ ಜೇಬಿನಲ್ಲೇ ಇತ್ತು. ಮೂಕಪ್ರಾಣಿಗೆ ಹಿಂಸೆ ಆಗಬಾರದು ಅನ್ನುವವರನ್ನು ನಾನು ಹಳಿಯುವುದಿಲ್ಲ. ಮೈಲಾಪುರದ ಜಾತ್ರೆಯಲ್ಲಿ ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯುವುದನ್ನು ಯಾದಗಿರಿ ಜಿಲ್ಲಾಡಳಿತ ತಡೆದದ್ದು ಸರಿಯೇ. ಆದರೆ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ಉಣಿಸುವ ನಿಮಗೆ ದಯೆಯ ಪಾಠ ಬೇಕಿಲ್ಲ.

ರಾಜ್ಯದ 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕೊಡುವ ದಾರಿಯೊಂದಿತ್ತು. 2020ರ ಕಾಯ್ದೆ ಅದನ್ನು ಮುಚ್ಚಿ, 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಉಳಿಸಿತು. ವಿಧಾನ ಪರಿಷತ್ತಿನಲ್ಲಿ ಮಸೂದೆಗೆ ತಡೆ ಬಿದ್ದಾಗ 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂತು. ಆಗ ನಾವೆಲ್ಲ ಎಲ್ಲಿದ್ದೆವು? ತೊಗರಿ ರಾಶಿಯಲ್ಲಿದ್ದೆವು, ನಿಜ. ನಾನೂ ಒಂದು ಸಾಲು ಬರೆದಿರಲಿಲ್ಲ.

ಹೀಗೆಂದರೆ ಸಿಟ್ಟಾಗಬೇಡಿ: ಹೋರಾಟ ಹೇಗೆ ಅನ್ನೋದನ್ನು ಪ್ರಾಣಿಪ್ರಿಯರಿಂದಲೇ ಕಲೀರಿ. 2023ರ ಜೂನ್ 7ಕ್ಕೆ ಕೇಂದ್ರ ಸರ್ಕಾರ ಜಾನುವಾರು ಆಮದು-ರಫ್ತು ಮಸೂದೆಯ ಕರಡು ಹೊರಡಿಸಿ, ಹತ್ತೇ ದಿನ ಗಡುವು ಕೊಟ್ಟಿತು. ಕರಡನ್ನು 30 ದಿನ ಜನರ ಮುಂದಿಡಬೇಕೆಂಬ ನೀತಿ 2014ರಿಂದಲೇ ಇದೆ, ನೆನಪಿರಲಿ. ಜೀವಂತ ಪ್ರಾಣಿಗಳ ರಫ್ತು ಬೇಡವೆಂದು ಪ್ರಾಣಿಪ್ರಿಯರು ಆ ಹತ್ತು ದಿನದಲ್ಲೇ ಪತ್ರಗಳ ಮಳೆ ಸುರಿಸಿದರು. ಅದೇ ತಿಂಗಳು ಕರಡು ವಾಪಸ್. ಕಡಿಯಲು ದನ ಮಾರುವುದನ್ನು ಸಂತೆಯಲ್ಲಿ ನಿಷೇಧಿಸಿದ 2017ರ ಕೇಂದ್ರ ನಿಯಮಗಳನ್ನು ತಡೆದದ್ದೂ ಬೀದಿಯ ಬೆಂಕಿಯಲ್ಲ, ಕೋರ್ಟು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ವಿಸ್ತರಿಸಿತು.

ನೀವು ಧಿಕ್ಕಾರ ಕೂಗಿದಿರಿ, ಕಾಯ್ದೆಯ ಯಾವ ಕಲಮಿಗೆ ಅಂತ ಹೇಳಲಿಲ್ಲ. ಒಂದು ಎತ್ತಿಗೆ ದಿನಕ್ಕೆ ಎಷ್ಟು ಮೇವು, ಕಣಿಕೆಯ ರೇಟು ಎಷ್ಟು, ನಿಮ್ಮೂರಲ್ಲಿ ಇಂಥ ಎತ್ತು ಎಷ್ಟು, ಹತ್ತಿರದ ಗೋಶಾಲೆ ಎಷ್ಟು ದೂರ, ಇಷ್ಟನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಠರಾವಿನ ಒಂದೊಂದು ಪ್ರತಿ ನಿಮ್ಮ ಶಾಸಕರಿಗೂ ವಿಧಾನಮಂಡಲದ ಅರ್ಜಿಗಳ ಸಮಿತಿಗೂ ಹೋಗಲಿ. ಸ್ವೀಕೃತಿ ಇಸ್ಕೊಳ್ಳೋದು ಮರೀಬೇಡಿ. ಸಂತೆಯಲ್ಲಿ ದೇವಣಿ ತಳಿಯ ಹೋರಿಯ ಹಲ್ಲು ನೋಡಿ ವಯಸ್ಸು ಹೇಳುವ ನೀವು ಕಾಯ್ದೆಯ ಬಾಯಿ ಬಿಡಿಸಿ ನೋಡಲು ಯಾಕೆ ಹಿಂಜರಿತೀರಿ?

ಹಿಂಜರಿಕೆ ಹಳೆಯದು, ಗೊತ್ತು. 1948ರ ತನಕ ನಮಗೆ ನಿಜಾಮನ ಫರ್ಮಾನು ಬರುತ್ತಿದ್ದದ್ದು ಉರ್ದುವಿನಲ್ಲಿ. ಈಗ ದೆಹಲಿಯ ಕರಡು ಬರುವುದು ಇಂಗ್ಲಿಷಿನಲ್ಲಿ. ನಡುವೆ ಕನ್ನಡ ಓದಿದ ನಮ್ಮ ಹುಡುಗರು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಮಲಗುತ್ತಾರೆ. ಕರಡನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವ ಒಂದು ಅರ್ಜಿಯೂ ಕಲಬುರಗಿಯಿಂದ ಹೋದದ್ದು ನಾನು ಕಂಡಿಲ್ಲ.

ನಿಮ್ಮ ಮೇವಿನ ಲೆಕ್ಕ ಮೊದಲು ನಮಗೇ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ತೆರವಿಟ್ಟಿದ್ದೇನೆ.

ಸಂ.