‘ರೈಲ್ವೆ ಅನೊರಾಕ್’ ಎಂದರೆ ಮಳೆಯಂಗಿ ಅಲ್ಲ

ಬ್ರಿಟಿಷ್ ಲೇಖನವೊಂದರಲ್ಲಿ ಬಂದ ‘ಹಿ ಈಸ್ ಎ ರೈಲ್ವೆ ಅನೊರಾಕ್’ ಎಂಬ ವಾಕ್ಯದ ಅರ್ಥವೇನು, ಕನ್ನಡದಲ್ಲಿ ಅದಕ್ಕೆ ಏನೆನ್ನಬೇಕು ಎಂದು ಕೇಳಿದ್ದೀರಿ. ಅದು ನಿಮಗೆ ಅರ್ಥವಾಗದಿರಲು ಕಾರಣ, ನಿಘಂಟಿನ ಮೊದಲ ಅರ್ಥಕ್ಕೇ ನೀವು ನಿಂತಿರುವುದು. ಅನೊರಾಕ್ ಮೂಲತಃ ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ಟೋಪಿಯಿರುವ ಮೇಲಂಗಿ. ಅದನ್ನು ತೊಟ್ಟು, ಮಳೆ ಚಳಿಯೆನ್ನದೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಎಂಜಿನ್ ಸಂಖ್ಯೆಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ರೈಲುಪ್ರಿಯರಿಗೆ ಬ್ರಿಟನ್ನಿನಲ್ಲಿ ಆ ಅಂಗಿಯ ಹೆಸರೇ ಅಂಟಿತು. 1980ರ ದಶಕದಿಂದ ಈ ಬಳಕೆ ಪತ್ರಿಕೆಗಳಲ್ಲಿ ಕಾಣುತ್ತದೆ.

ಮೊದಲು, ಪದ ವ್ಯಕ್ತಿಗೆ ಅನ್ವಯಿಸಿದೆಯೇ ನೋಡಿ, ಇಲ್ಲಿ ಅನ್ವಯಿಸಿದೆ. ಆಮೇಲೆ, ಹೇಳುತ್ತಿರುವವರು ಯಾರೆಂದು ಗಮನಿಸಿ. ಬೇರೆಯವರು ಅಂದರೆ ಅದು ಸಾಮಾನ್ಯವಾಗಿ ಛೇಡನೆ, ‘ನೀರಸ ವಿವರಗಳಲ್ಲಿ ಮುಳುಗಿದವನು’ ಎಂಬ ಧ್ವನಿ. ತನ್ನನ್ನೇ ಕರೆದುಕೊಂಡರೆ ಹೆಮ್ಮೆಯೂ ಇರಬಹುದು. ಲೇಖನದ ಮುಂದಿನ ಪ್ಯಾರಾ ನೋಡದೆ ನಿಮ್ಮ ವಾಕ್ಯದಲ್ಲಿರುವುದು ಇವೆರಡರಲ್ಲಿ ಯಾವುದೆಂದು ಹೇಳಲಾರೆ.

ಕೊನೆಗೆ ಕನ್ನಡ ಪದ. ‘ಹವ್ಯಾಸಿ’ ತೀರಾ ಸಪ್ಪೆ, ‘ಹುಚ್ಚ’ ಒರಟು. ಛೇಡನೆಯಾದರೆ ‘ರೈಲಿನ ಗೀಳು ಹತ್ತಿದವನು’, ಹೆಮ್ಮೆಯಾದರೆ ‘ರೈಲೆಂದರೆ ಪ್ರಾಣ ಬಿಡುವವನು’ ಎನ್ನಿ. ಅದೇ ಲೇಖನದಲ್ಲಿ ‘ಬಫ್’ (ಒಂದು ವಿಷಯವನ್ನು ಇಷ್ಟಪಟ್ಟು ಚೆನ್ನಾಗಿ ತಿಳಿದವನು) ಎಂಬ ಪದ ಬಂದರೆ ಇಷ್ಟು ಯೋಚನೆ ಬೇಡ. ಅದರಲ್ಲಿ ಕುಹಕವಿಲ್ಲ, ‘ಸಿನಿಮಾ ಬಫ್’ಗೆ ‘ಸಿನಿಮಾಪ್ರಿಯ’ ಸಾಕು.