ಅಮೆರಿಕದ ಸುದ್ದಿಮನೆಗಳಲ್ಲಿ ಸಿಬ್ಬಂದಿ ಕಡಿತ ನಡೆಯುತ್ತಿರುವಾಗ ಸ್ಥಳೀಯ ಸಾರ್ವಜನಿಕ ರೇಡಿಯೊ ಪತ್ರಿಕೋದ್ಯಮ ಅಷ್ಟು ಮುಖ್ಯವೇ?

ಖಂಡಿತ ಮುಖ್ಯ. ಸಾರ್ವಜನಿಕ ರೇಡಿಯೊ ಎಂದರೆ ಲಾಭಕ್ಕಲ್ಲದೆ, ಕೇಳುಗರ ದೇಣಿಗೆ ಮತ್ತು ಸರ್ಕಾರದ ನೆರವನ್ನು ನೆಚ್ಚಿ ಬಂದ ಕೇಂದ್ರಗಳು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಉತ್ತರ ಕೆರೊಲಿನಾದ ಆಶ್‌ವಿಲ್ ಸುತ್ತಮುತ್ತ ಅಪ್ಪಳಿಸಿದಾಗ ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ನಲ್ಲಿಯಲ್ಲಿ ನೀರೂ ಇಲ್ಲ. ಆಗ ಜನ ಕಾರಿನಲ್ಲಿ ಕೂತು, ಬ್ಯಾಟರಿ ಸೆಟ್ ಹಿಡಿದು ಕೇಳಿದ್ದು ಬ್ಲೂ ರಿಡ್ಜ್ ಪಬ್ಲಿಕ್ ರೇಡಿಯೊವನ್ನು: ನೀರು ಎಲ್ಲಿ ಸಿಗುತ್ತದೆ, ಯಾವ ರಸ್ತೆ ಮುಚ್ಚಿದೆ ಎಂದು ತಿಳಿಯಲು. ಇದನ್ನು ಹೇಳಲು ಆ ಊರಿನ ಓಣಿ ಓಣಿ ಬಲ್ಲ ವರದಿಗಾರರೇ ಬೇಕು. ದೂರದ ಸ್ಟುಡಿಯೊದಿಂದ ಆಗುವ ಕೆಲಸವಲ್ಲ.

ಅಲಾಸ್ಕಾದ ದೂರದ ಸಣ್ಣ ಊರು ಬೆಥೆಲ್‌ನಲ್ಲಿರುವ ಕೆವೈಯುಕೆ ರೇಡಿಯೊ ಕೇಂದ್ರ ಇಂಗ್ಲಿಷ್ ಜೊತೆಗೆ ಅಲ್ಲಿನ ಮೂಲನಿವಾಸಿಗಳ ಯೂಪಿಕ್ ಭಾಷೆಯಲ್ಲೂ ಸುದ್ದಿ ಕೊಡುತ್ತದೆ. ಜಾಹೀರಾತನ್ನೇ ನೆಚ್ಚಿದವರು ಅಂಥ ಕಡೆ ಸುದ್ದಿಮನೆ ತೆರೆಯುವುದು ಕಷ್ಟ.

ಈಗ ಹಣದ ಮಾತು. ಸಾರ್ವಜನಿಕ ಪ್ರಸಾರಕ್ಕೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರನ್ನು ಅಮೆರಿಕದ ಕಾಂಗ್ರೆಸ್ 2025ರ ಜುಲೈನಲ್ಲಿ ಹಿಂಪಡೆಯಿತು. ಮಹಾನಗರದ ಕೇಂದ್ರಗಳಿಗೆ ಕೇಳುಗರ ದೇಣಿಗೆಯ ಆಸರೆ ಉಂಟು. ಹಲವು ಸಣ್ಣ ಊರಿನ ಕೇಂದ್ರಗಳಿಗೆ ಈ ಸರ್ಕಾರಿ ಹಣವೇ ಬಜೆಟ್ಟಿನ ದೊಡ್ಡ ಪಾಲಾಗಿತ್ತು. ಇರುವ ಇಬ್ಬರು ವರದಿಗಾರರಲ್ಲಿ ಒಬ್ಬರು ಹೋದರೆ ನಗರಸಭೆ, ಶಾಲಾ ಮಂಡಳಿಯ ಸಭೆಯಲ್ಲಿ ಕೂತು ಬರೆದುಕೊಳ್ಳುವವರೇ ಇರುವುದಿಲ್ಲ. ಅಲ್ಲಿ ಏನು ತೀರ್ಮಾನವಾಯಿತೆಂದು ಜನಕ್ಕೆ ಗೊತ್ತಾಗುವುದು ತೆರಿಗೆ ಬಿಲ್ ಕೈಗೆ ಬಂದಾಗಲೇ.